ಅಪ್ಪನ ಬೆನ್ನಿನ ಹಾಡು

ನಮ್ಮ ಬಳ್ಳಾರಿಯ ಸಭೆಗಳಲ್ಲಿ ಈಗ ಹಾಡಿಸುವ ಹೊಸ ಯೇಸುವಿನ ಹಾಡುಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅರ್ಧ ತೆಲುಗಿನಿಂದ ಎತ್ತಿ ತಂದವು. ಇನ್ನರ್ಧದಲ್ಲಿ ನಾವ್ಯಾರೂ ಕಾಣದ ಹಿಮದ ಬೆಟ್ಟ, ಲಿಲ್ಲಿ ಹೂವು. ಏಪ್ರಿಲ್ ಬಿಸಿಲಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಹಿಮದ ಹಾಡು ಹಾಡುತ್ತೇವೆ. ಹಾಡಿಸುವವರಿಗೆ ನಾಚಿಕೆಯಿಲ್ಲ.

ನಾನು ಜೀನ್ಸ್ ಹೊಲಿಯುವವಳು. ದಿನವಿಡೀ ಶೆಡ್ಡಿನಲ್ಲಿ ಮಷೀನಿನ ಮುಂದೆ ಕೂತು ಪ್ಯಾಂಟಿಗೆ ಜೇಬು ಕೂಡಿಸುತ್ತೇನೆ. ಕೈ ತನ್ನ ಪಾಡಿಗೆ ನಡೆಯುತ್ತಿರುವಾಗ ಬಾಯಲ್ಲಿ ಹಾಡು ಕಟ್ಟುತ್ತೇನೆ. ಧಾಟಿ ನನ್ನಜ್ಜಿಯದು, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವಾಗ ಹಾಡುತ್ತಿದ್ದದ್ದು. ಮಾತು ನನ್ನವು.

ಅಪ್ಪ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಹಮಾಲಿ. ಒಮ್ಮೆ ಊರಿಗೆ ಹೋದಾಗ ಅವ್ವ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಚೀಲ ಕೂತೂ ಕೂತೂ ಕುತ್ತಿಗೆಯ ಕೆಳಗಿನ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಾಗಿತ್ತು. ಅದನ್ನು ನೋಡಿ ಬಂದ ಹಾಡು ಇದು:

ಅಕ್ಕಿಚೀಲ ಹೊತ್ತ ಬೆನ್ನಿಗಿ ಗೊತ್ತೈತಿ
ಶಿಲುಬಿ ಹೊತ್ತ ಬೆನ್ನಿನ ಉರಿ,
ಬಡಿಗ್ಯಾರ ಮಗನ, ನಮ್ಮಪ್ಪನ ಬಾಜೂಕ
ಒಂದ್ಗಳಿಗಿ ನೆರಳಾಗ ಕೂಡು ಬಾ.

ಸಭೆಯಲ್ಲಿ ಹಾಡಿದಾಗ ಅದನ್ನು ಒಬ್ಬ ಸಂಗೀತ ನಿರ್ದೇಶಕ ಕೇಳಿದ. ಪಾರ್ವತಿನಗರದಲ್ಲಿ ಸ್ಟುಡಿಯೋ ಇಟ್ಟವನು, ದೇವದೂತರಿಗಿಂತ ಬಿಳಿ ಬಟ್ಟೆ ಹಾಕುವವನು. ನನ್ನನ್ನು ಕರೆಸಿ, ಏಸಿಯಲ್ಲಿ ಕೂರಿಸಿ ಹೇಳಿದ:

"ಸಿಸ್ಟರ್, ಫೀಲ್ ಚೆನ್ನಾಗಿದೆ. ಆದರೆ ಅಕ್ಕಿಚೀಲ ಅಂದರೆ ಕಿರಾಣಿ ಅಂಗಡಿ ನೆನಪಾಗುತ್ತೆ. 'ಪಾಪಭಾರ' ಅಂತ ಹಾಕೋಣ."

"ನಮ್ಮಪ್ಪ ಹೊತ್ತದ್ದು ಪಾಪ ಅಲ್ರಿ, ಸೋನಾ ಮಸೂರಿ."

ಜೋಕೆಂದು ತಿಳಿದು ನಕ್ಕ. ನಾನು ಹಟ ಬಿಡಲಿಲ್ಲ. ಕೊನೆಗೆ ಚೀಲ ಇರಲಿ, ವಿಡಿಯೋವನ್ನು ಮಿಲ್ಲಿನಲ್ಲೇ ತೆಗೆಯೋಣ ಎಂದ. ಅಪ್ಪನ ಹಾಡನ್ನು ಅಪ್ಪನಿಗೇ ದೊಡ್ಡ ಸ್ಪೀಕರಿನಲ್ಲಿ ಕೇಳಿಸುವ ಆಸೆಗೆ ನಾನೂ ಒಪ್ಪಿದೆ.

ಶೂಟಿಂಗಿನ ದಿನ ನಿರ್ದೇಶಕ ಗೊತ್ತುಮಾಡಿದ್ದ ಗಾಯಕ ಬಂದ. ತಲೆಗೆ ಇಸ್ತ್ರಿ ಮಾಡಿದ ಟವೆಲ್ಲು, ಕೆನ್ನೆಗೆ ಬ್ರಷ್ಷಿನಿಂದ ಬಳಿದ ಮಸಿ. ಬೆನ್ನ ಮೇಲಿನ ಚೀಲಕ್ಕೆ ಥರ್ಮಾಕೋಲ್ ತುಂಬಿದ್ದರು. ಅದನ್ನು ಹೊತ್ತು ಆಕಾಶ ನೋಡುತ್ತ, ಒಂದು ಕೈ ಚಾಚಿ, ಮದುಮಗನ ಹಾಗೆ ಮೆಲ್ಲಗೆ ನಡೆದ. ಅಪ್ಪ ನನ್ನ ಪಕ್ಕ ನಿಂತು ನೋಡುತ್ತಿದ್ದ.

"ಅವ್ನ ಚೀಲದಾಗ ಏನೈತವ್ವ?"

"ಥರ್ಮಾಕೋಲ್."

"ಅದಕ್ಕ ಮ್ಯಾಲ ನೋಡಾಕತ್ಯಾನ ಬಿಡು."

ಅಷ್ಟರಲ್ಲಿ ನಿರ್ದೇಶಕ ಅಪ್ಪನ ಕಡೆ ಕೈಬೀಸಿದ. "ಯಜಮಾನ್ರೇ, ಸ್ವಲ್ಪ ಆಚೆ ಹೋಗಿ. ಫ್ರೇಮಿಗೆ ಬರ್ತಿದ್ದೀರಿ."

ಅಪ್ಪ ತಪ್ಪು ಮಾಡಿದವನಂತೆ ಸರಿದು ಗೋಡೆಗೆ ಒತ್ತಿಕೊಂಡ. ನನಗೆ ತಡೆಯಲಾಗಲಿಲ್ಲ. ಕ್ಯಾಮೆರಾದ ಮುಂದೆ ಹೋಗಿ ನಿಂತೆ.

"ನನ್ನ ಹಾಡು ನನಗ ಕೊಟ್ಬಿಡ್ರಿ. ಇದು ಬ್ಯಾಡ."

"ಹಾಡು ದೇವರದು, ಸಿಸ್ಟರ್."

"ದೇವರದಾದ್ರ ಪೋಸ್ಟರಿನ ಮ್ಯಾಲ ನಿಮ್ಮ ಫೋಟೋ ಯಾಕ್ರಿ?"

ಅವನು ಊಟಕ್ಕೆ ಬ್ರೇಕ್ ಎಂದು ಕೂಗಿದ. ನಾನು ಅಪ್ಪನನ್ನು ಕರೆದುಕೊಂಡು ಮನೆಗೆ ಬಂದೆ.

ಕೆಲವು ವಾರಗಳಲ್ಲಿ ವಿಡಿಯೋ ಬಂತು. ನನ್ನ ಮಾತುಗಳನ್ನು ತೆಗೆದು ಪಾಪಭಾರ ತುಂಬಿದ್ದ. ಸಾಹಿತ್ಯ, ಸಂಗೀತ ಎರಡಕ್ಕೂ ಅವನದೇ ಹೆಸರು. ಸಸಿ ಹಚ್ಚುತ್ತ ಸೊಂಟ ಕಳೆದುಕೊಂಡ ನನ್ನಜ್ಜಿಯ ಧಾಟಿ ಈಗ ಮದುವೆ, ಕ್ರಿಸ್‌ಮಸ್ ಎನ್ನದೆ ಎಲ್ಲ ಕಡೆ ಕೀಬೋರ್ಡಿನಲ್ಲಿ ಕುಣಿಯುತ್ತಿದೆ. ಜನ ಕಣ್ಣು ಮುಚ್ಚಿ, ಕೈ ಎತ್ತಿ ಹಾಡುತ್ತಾರೆ. ಆ ಎತ್ತಿದ ಕೈಗಳನ್ನು ನೋಡಿದರೂ ನನಗೆ ಹೇಸಿಗೆ.

ಮೊನ್ನೆ ಕುರುಗೋಡಿನಲ್ಲಿ ಚಿಕ್ಕವ್ವನ ಹೊಸ ಮನೆಯ ಪ್ರಾರ್ಥನೆ ಇತ್ತು. ಒಂದು ಹಾಡು ಹೇಳವ್ವ ಎಂದರು. ಅಪ್ಪ ಎದುರಿಗೇ ಕೂತಿದ್ದ, ನಾನು ಅವನ ಹಾಡನ್ನೇ ಎತ್ತಿಕೊಂಡೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಹೊಸ ಸೊಸೆ ನನ್ನ ತೋಳು ಮುಟ್ಟಿದಳು.

"ಅಕ್ಕಾ, ಅದು ಹಂಗಲ್ರಿ. ವಿಡಿಯೋದಾಗ ಬ್ಯಾರೆ ಐತಿ."

ನಾನು ನಿಲ್ಲಿಸಲಿಲ್ಲ. ಅವಳೂ ಬಿಡಲಿಲ್ಲ, ನನಗೆ ತಿದ್ದಿಕೊಡುವ ಒಳ್ಳೆಯ ಮನಸ್ಸಿನಿಂದ ತನ್ನ ಪಾಪಭಾರವನ್ನು ಜೋರಾಗಿ ಹಾಡಿದಳು. ಉಳಿದವರು ಚಪ್ಪಾಳೆ ಹಾಕುತ್ತ ಅವಳ ಕಡೆ ಸೇರಿದರು. ನನ್ನ ಕಡೆ ಅಪ್ಪನೊಬ್ಬನೇ, ಅದೂ ತುಟಿಯಲ್ಲಿ. ಪಾಸ್ಟರ್ ಎರಡಕ್ಕೂ ಸೇರಿಸಿ ಒಂದೇ ಆಮೆನ್ ಹೇಳಿ ಊಟಕ್ಕೆ ಎದ್ದರು.