ವಸ್ತ್ರದ ಮರೆಯ ವ್ಯಾಪಾರ

ನಮ್ಮ ಮನೆಯವರು ಹುಬ್ಬಳ್ಳಿ ಪೇಟೆಯಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದರು. ಆಗ ದರವನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಇಬ್ಬರ ಕೈಮೇಲೂ ವಸ್ತ್ರ ಹಾಕಿ, ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ದರ ಕಟ್ಟುತ್ತಿದ್ದರು. ಈ ವಿದ್ಯೆಯನ್ನು ನಮ್ಮವರು ಮನೆಗೂ ತಂದರು. ಅತ್ತೆಯ ಮುಂದೆ ಗಂಡ ಹೆಂಡತಿ ಮಾತಾಡುವಂತಿಲ್ಲವಲ್ಲ! ಊಟಕ್ಕೆ ಮುಂಚೆ ಕೈ ಒರೆಸಲು ನಾನು ವಸ್ತ್ರ ಕೊಟ್ಟರೆ, ಅದರ ಮರೆಯಲ್ಲೇ ನನ್ನ ಬೆರಳು ಹಿಡಿದು ಎಷ್ಟು ರೊಟ್ಟಿ ಬೇಕೆಂದು ತಿಳಿಸುತ್ತಿದ್ದರು. ಮೂರು ಹಿಡಿದರೆ ನಾನು ಒಂದು ಹಿಡಿದು ಕಾಡುತ್ತಿದ್ದೆ. ಪಾಪ, ಅತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ತಂಬಾಕಿನ ವಿಷಯದಲ್ಲಿ ಮಾತ್ರ ಅವರು ನನಗೆ ಬಗ್ಗಲಿಲ್ಲ. ಅದನ್ನು ಇಟ್ಟುಕೊಳ್ಳುತ್ತಿದ್ದ ಗಲ್ಲದಲ್ಲೇ ಕ್ಯಾನ್ಸರಿನ ಗಂಟು ಎದ್ದಿತು. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿದೆವು, ಕರಗಿತು. ಅರಳು ಹುರಿದ ಹಾಗೆ ಮಾತಾಡುತ್ತ ಮತ್ತೆ ಪೇಟೆಗೆ ಹೋದರು. ಸ್ವಲ್ಪ ಕಾಲಕ್ಕೆ ಅದೇ ಜಾಗದಲ್ಲಿ ಗಂಟು ತಿರುಗಿ ಬಂತು. ಈ ಸಲ ದವಾಖಾನೆಯಲ್ಲಿ ಕೊಯ್ದು, ದವಡೆಯ ಅರ್ಧ, ನಾಲಿಗೆಯ ತುಂಡು ತೆಗೆದರು. ಅಷ್ಟು ಸಾಲದು, ಹಿಂದೆ ಸುಟ್ಟ ಜಾಗಕ್ಕೇ ಮತ್ತೆ ಕರೆಂಟ್ ಕೊಡಬೇಕು, ಹುಣ್ಣಾಗುತ್ತದೆ, ನುಂಗುವುದು ಕಷ್ಟ, ಬಿಟ್ಟರೆ ಜೀವಕ್ಕೆ ಅಪಾಯ ಎಂದರು ಡಾಕ್ಟರರು.

ಇವರು ಗೋಡೆಯ ಕಡೆ ಹೊರಳಿ ಮಲಗಿದರು. ಬರೆದು ಹೇಳಲು ಪಾಟಿ ಕೊಟ್ಟರೆ ಮಗುಚಿಟ್ಟರು. ಡಾಕ್ಟರರು ತಿಳಿಹೇಳಿ ದಣಿದರು. ನನಗೆ ಸಿಟ್ಟು ನೆತ್ತಿಗೇರಿತು. ವಸ್ತ್ರ ಎಳೆದು ಇಬ್ಬರ ಕೈಮೇಲೆ ಹಾಕಿ, ಐದೂ ಬೆರಳನ್ನು ಎರಡು ಸಲ ಹಿಡಿದೆ. ಅವರು ಒಂದು ಹಿಡಿದರು.

"ಇವು ರೊಟ್ಟಿ ಅಲ್ಲರಿ, ವರ್ಷ," ಎಂದೆ.

ಹೊರಳಿ ನೋಡಿದರು. ಪಟ್ಟಿ ಕಟ್ಟಿದ ಮುಖದಲ್ಲಿ ಕಣ್ಣು ಮಾತ್ರ ನಕ್ಕವು. ಎರಡು ಹಿಡಿದರು. ನಾನು ಪೇಟೆಯವರ ಹಾಗೆ ಕೈ ಕಿತ್ತುಕೊಂಡು ಎದ್ದೆ. ಸೆರಗು ಜಗ್ಗಿ ಕೂರಿಸಿದರು. ಕೊನೆಗೆ ನಾಲ್ಕಕ್ಕೆ ಬಂದು ನಿಂತಿತು.

"ವ್ಯಾಪಾರ ಕುದುರೇತ್ರಿ, ಕರೆಂಟ್ ಕೊಡ್ರಿ," ಎಂದು ಡಾಕ್ಟರರಿಗೆ ಹೇಳಿದೆ. ಅವರು ಪಿಳಿಪಿಳಿ ನೋಡಿದರು.

ಕರೆಂಟ್ ಮುಗಿಯುವತನಕ ಇವರು ಗಂಜಿ ನುಂಗಲೂ ಕಣ್ಣೀರು ಹಾಕಿದರು, ಆದರೆ ಮಾತು ತಪ್ಪಲಿಲ್ಲ. ಆಮೇಲೆ ಅವರು ಆಡಿದ್ದು ನನ್ನೊಬ್ಬಳಿಗೇ ತಿಳಿಯುತ್ತಿತ್ತು. ಪೇಟೆಗೆ ಬಾಯಿಯ ಹಂಗೇ ಇರಲಿಲ್ಲ, ದಲಾಲಿ ನಡೆಯಿತು.

ನಾಲ್ಕನೆಯ ದೀಪಾವಳಿಗೆ ಅಂಗಡಿ ಪೂಜೆ ಮುಗಿಸಿ ಬಂದವರ ಕೈಮೇಲೆ ನಾನು ಮತ್ತೆ ವಸ್ತ್ರ ಹಾಕಿದೆ. ಐದೂ ಬೆರಳು ಹಿಡಿದು, ಇನ್ನೈದು ವರ್ಷ ಕೇಳಿದೆ. ತನ್ನ ಕುತ್ತಿಗೆಯಲ್ಲಿ ಹೊಸ ಗಂಟು ಎದ್ದದ್ದು ಆ ಕಳ್ಳ ದಲಾಲಿಗೆ ಆಗಲೇ ಗೊತ್ತಿತ್ತು. ಒಂದೂ ಬೆರಳು ಹಿಡಿಯಲಿಲ್ಲ. ನನ್ನ ಕೈಯನ್ನೇ ಇಡಿಯಾಗಿ ಹಿಡಿದುಕೊಂಡು ಕೂತರು.