ಹೆರಿಗೆ ಕೋಣೆಯ ಕಂಪ್ಯೂಟರ್

ಹಾನಗಲ್ಲಿನಲ್ಲಿ ನಾನು ಕೆಲಸಕ್ಕಿದ್ದ ಖಾಸಗಿ ಆಸ್ಪತ್ರೆಗೆ ಕಂಪ್ಯೂಟರ್ ರಿಪೇರಿಯವರೊಬ್ಬರು ಸವಣೂರಿನಿಂದ ಬಸ್ಸು ಬದಲಿಸಿ ಬರುತ್ತಿದ್ದರು. ಬಂದವರೇ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇವತ್ತ ಯಾವುದು ಓಗೊಡವಲ್ದ್ರಿ?" ಎನ್ನುತ್ತಿದ್ದರು.

ಎಲ್ಲ ಕೋಣೆಗಳ ಕಂಪ್ಯೂಟರಿನಿಂದ ರೋಗಿಗಳ ಮಾಹಿತಿಯನ್ನು ದಿನವೂ ನಕಲು ಮಾಡಿಡುವ ಬ್ಯಾಕಪ್ ಸಾಫ್ಟ್‌ವೇರ್ ಅವರೇ ಹಾಕಿದ್ದು. ಹೆರಿಗೆ ಕೋಣೆಯದು ಮಾತ್ರ ಆಗಾಗ ಸಂಪರ್ಕಕ್ಕೆ ಸಿಗುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನವೆಲ್ಲ ಫೈರ್‌ವಾಲ್, ಸೆಟ್ಟಿಂಗು ಎಂದು ಹುಡುಕಿ ಸೋತು, ಕೊನೆಗೆ ವೈರಿನ ಜಾಡು ಹಿಡಿದು ಆ ಕೋಣೆಗೇ ಹೋದರು. ನಾನೂ ಹಿಂದೆ ಹೋದೆ. ನೆಟ್‌ವರ್ಕಿನ ಪುಟ್ಟ ಡಬ್ಬಿಯ ಪ್ಲಗ್ ಕೆಳಗೆ ಬಿದ್ದಿತ್ತು. ಅದರ ಸಾಕೆಟ್ಟಿಗೆ ಸಿಕ್ಕಿಸಿದ್ದ, ತಿಂಗಳು ತುಂಬದ ಕೂಸಿಗೆ ಕಾವು ಕೊಡುವ ಯಂತ್ರ ನಡೆಯುತ್ತಿತ್ತು.

"ಇನ್ನೊಂದು ಸಾಕೆಟ್ ಸುಟ್ಟೈತ್ರಿ. ಸರ್‌ಗ ಹೇಳಬ್ಯಾಡ್ರಿ, ಬೈತಾರ," ಎಂದಳು ನರ್ಸ್.

"ಇರ್ಲಿ ಬಿಡ್ರಿ. ನಾಳೆ ಹೊಸಾದು ತರ್ತೇನಿ," ಎಂದರು ರಿಪೇರಿಯವರು.

ಅಷ್ಟರಲ್ಲಿ ಡಾಕ್ಟರು ಬಂದರು. "ಎಷ್ಟ ಸಲ ಬಂದ್ರೂ ನಿಮ್ಮ ಕೈಲೆ ಆಗವಲ್ದಲ್ರಿ!" ಎಂದು ಎಲ್ಲರೆದುರು ರೇಗಿದರು. ನರ್ಸ್ ತಲೆ ತಗ್ಗಿಸಿದಳು.

"ನಂದ ತಪ್ಪೈತ್ರಿ ಸರ. ನಾಳೆ ಮತ್ತ ಬರ್ತೇನಿ," ಎಂದು ರಿಪೇರಿಯವರು ಚೀಲ ಹೆಗಲಿಗೇರಿಸಿದರು.

ಡಾಕ್ಟರು ಹೋದ ಮೇಲೆ ಬಾಗಿಲಲ್ಲೇ ನಿಂತು, ದಣಿದ ದನಿಯಲ್ಲಿ ನರ್ಸನ್ನು ಕೇಳಿದರು: "ಕೂಸು ಬೆಚ್ಚಗಾತೇನ್ರಿ?"