ಗೋಡೆಯಿಲ್ಲದ ಹಾಲ್‌ನಲ್ಲಿ ವಾರಿಜಕ್ಕ

ಪೂಲ್ ಟೇಬಲ್ಲಿನ ಮೇಲೆ ತೀರಾ ಇಕ್ಕಟ್ಟಿನ ಪರಿಸ್ಥಿತಿ ಬಂದಾಗ ವಾರಿಜಕ್ಕ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಟೇಬಲ್ಲಿಗೆ ಬೆನ್ನು ಹಾಕುವುದು. ಕೋಲನ್ನು ಮೂಲೆಗೆ ಒರಗಿಸಿ, ಕೈಗಂಟಿದ ಚಾಕ್‌ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಹೋಟೆಲಿನ ಅಡುಗೆಮನೆಗೆ ಹೋಗಿ ನಿಧಾನವಾಗಿ ಒಂದು ಲೋಟ ನೀರು ಕುಡಿದು ಬರುತ್ತಿದ್ದರು. ಎದುರಾಳಿ ಅಲ್ಲಿಯವರೆಗೆ ಕಾಲು ಬದಲಿಸುತ್ತ ನಿಂತಿರಬೇಕು. ಹೊಸಬರು ಇದನ್ನು ಸೊಕ್ಕು ಎಂದುಕೊಳ್ಳುತ್ತಿದ್ದರು. ನಾನೂ ಹಾಗೆಯೇ ಅಂದುಕೊಂಡು ಒಮ್ಮೆ ಕೇಳಿಯೇಬಿಟ್ಟೆ.

"ಅಲ್ರೀ ಅಕ್ಕಾ, ನಡುವ ಆಟ ಬಿಟ್ಟು ಹಿಂಗ ಹ್ವಾದ್ರ ಹ್ಯಾಂಗ?"

"ನೋಡ್ತಾ ನಿಂತ್ರೆ ಹೊಡೀಲಿಕ್ಕೇ ಮನಸ್ಸಾಗ್ತದೆ ಮಾರಾಯ್ರೆ. ಬೆನ್ನು ಹಾಕಿದ್ರೆ ಯಾವುದನ್ನು ಹೊಡೀಬಾರ್ದು ಅಂತ ಗೊತ್ತಾಗ್ತದೆ," ಎಂದರು.

ಡೊಂಬಿವಲಿ ಈಸ್ಟಿನಲ್ಲಿ ಅವರದೊಂದು ಉಡುಪಿ ಹೋಟೆಲು. ಗಲ್ಲೆಯಲ್ಲಿ ಗಂಡ ಶೀನಣ್ಣ, ಅಡುಗೆಮನೆಯ ಉಸ್ತುವಾರಿ ವಾರಿಜಕ್ಕನದು. ಹಿಂದುಗಡೆ, ಮೊದಲು ಅಕ್ಕಿಮೂಟೆ ಇಡುತ್ತಿದ್ದ ಕೋಣೆಯಲ್ಲಿ ಈ ಪೂಲ್ ಟೇಬಲ್. ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಶೀನಣ್ಣ ಅದನ್ನು ಭಾರೀ ಹುರುಪಿನಲ್ಲಿ ತಂದಿದ್ದರು. ಕೋಣೆಯ ಅಳತೆ ತೆಗೆದಿದ್ದರು, ಟೇಬಲ್ಲಿನ ಅಳತೆಯನ್ನೂ ತೆಗೆದಿದ್ದರು. ಆದರೆ ಆಡುವವರು ಕೋಲನ್ನು ಹಿಂದಕ್ಕೆ ಎಳೆಯಬೇಕಾಗುತ್ತದೆ, ಅದಕ್ಕೂ ಜಾಗ ಬೇಕು ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ಮುಂಬಯಿ ಕಡೆ ಮನೆ ಮಾಡಿದವರು ಮಾತ್ರ ಮಾಡಬಹುದಾದ ತಪ್ಪು ಅದು. ನಮಗೆ ಸಾಮಾನು ಹಿಡಿಸಿದರೆ ಸಾಕು, ಮನುಷ್ಯ ಹೇಗೋ ಹೊಂದಿಕೊಳ್ಳುತ್ತಾನೆ. ಟೇಬಲ್ಲಿನ ಒಂದು ಉದ್ದನೆಯ ಬದಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡವಾಗಿ ನುಸುಳುವಷ್ಟೇ ಜಾಗ ಉಳಿಯಿತು. ಆ ಕಡೆಯಿಂದ ಹೊಡೆಯಬೇಕೆಂದರೆ ಕೋಲಿನ ಹಿಂಬದಿಯನ್ನು ಸೂರಿನತ್ತ ಎತ್ತಿ, ಒನಕೆ ಹಿಡಿದವರ ಹಾಗೆ ಮೇಲಿನಿಂದ ಕುಟ್ಟಬೇಕು. ಟೇಬಲ್ ವಾಪಸು ಕೊಡುತ್ತೇನೆಂದು ಶೀನಣ್ಣ ಹೊರಟಾಗ ತಡೆದವರು ವಾರಿಜಕ್ಕ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಒಬ್ಬರೇ ಆ ಕೋಣೆಗೆ ಹೋಗಿ ಆಡುತ್ತ ಆಡುತ್ತ ಕಲಿತರು.

ನಾನು ವಿಜಯಪುರದವನು. ತುರ್ಭೆಯ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ, ಮನೆ ಠಾಕುರ್ಲಿಯಲ್ಲಿ. ಸಂಜೆ ಒಂದು ಸ್ಟೇಷನ್ ಮೊದಲೇ ಡೊಂಬಿವಲಿಯಲ್ಲಿಳಿದು ದೋಸೆ ತಿನ್ನುವ ನೆವದಲ್ಲಿ ಹೋಟೆಲಿಗೆ ಹೋಗುವುದು, ತಿಂದ ಮೇಲೆ ಹಿಂದಿನ ಕೋಣೆಗೆ ಜಾರುವುದು ನನ್ನ ಚಟವಾಯಿತು. ಇಡೀ ದಿನದ ಸಿಟ್ಟನ್ನೆಲ್ಲ ಚೆಂಡಿನ ಮೇಲೆ ತೀರಿಸಿಕೊಳ್ಳುವ ಜಾತಿಯವನು ನಾನು. ಒಮ್ಮೆ ದೂರದ ಪಾಕೆಟ್ಟಿಗೆ ಭರ್ಜರಿಯಾಗಿ ಒಂದು ಚೆಂಡು ಹಾಕಿ, ಭುಜ ಕುಣಿಸುತ್ತ ಸುತ್ತಲೂ ನೋಡಿದೆ. ವಾರಿಜಕ್ಕ ಮಾತ್ರ, ಮುಂದಿನ ಹೊಡೆತಕ್ಕೆ ಕೋಲು ಮುಟ್ಟಿಸಬೇಕಾದ ಬಿಳಿ ಚೆಂಡು ಮೂಲೆಯಲ್ಲಿ ಸಿಕ್ಕಿಬಿದ್ದಿರುವುದನ್ನು ತೋರಿಸಿದರು.

"ಚೆಂಡು ಹೋಯ್ತು, ಒಳ್ಳೇದಾಯ್ತು. ಈಗ ಬಿಳಿ ಎಲ್ಲಿ ಕೂತಿದೆ ನೋಡಿ. ಮಗಳನ್ನು ಧಾಮ್‌ಧೂಮ್ ಮಾಡಿ ಕೊಟ್ರಿ, ಅಳಿಯನ ಮನೆ ಎಲ್ಲಿ ಉಂಟು ಅಂತ ಕೇಳ್ಲೇ ಇಲ್ಲ ನೀವು."

ಕೋಣೆಯೆಲ್ಲ ನಕ್ಕಿತು. ನನಗೆ ಆ ಕ್ಷಣ ಉರಿದುಹೋದರೂ ಈ ಹೆಂಗಸಿನಿಂದ ಕಲಿಯುವುದು ಬಹಳವಿದೆ ಎಂದು ಅಂದೇ ಅನ್ನಿಸಿತು. ಆಕೆಯ ಆಟದಲ್ಲಿ ಚಪ್ಪಾಳೆ ಗಿಟ್ಟಿಸುವ ಹೊಡೆತಗಳೇ ಇರಲಿಲ್ಲ. ಎಲ್ಲಿಯೂ ದಾರಿಯಿಲ್ಲ ಎನ್ನಿಸುವ ಕಡೆ ತಾನು ಏನು ಮಾಡಬಹುದು ಎನ್ನುವುದಕ್ಕಿಂತ ಎದುರಿನವನಿಗೆ ಏನು ಸಿಗದಂತೆ ಮಾಡಬಹುದು ಎಂದು ಯೋಚಿಸುತ್ತಿದ್ದರು. ಬಿಳಿ ಚೆಂಡನ್ನು ಮೆಲ್ಲಗೆ ಗೋಡೆಯ ಬದಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ನಾವು ಆ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಒದ್ದಾಡಬೇಕು.

ಅದಕ್ಕೇ ಶೀನಣ್ಣ ಗಲ್ಲೆಯಿಂದ ಕೂಗಿ ಹೇಳುತ್ತಿದ್ದರು, "ಗೆಲ್ಲುದು ಅವಳಲ್ಲ ಮಾರಾಯ್ರೆ, ನನ್ನ ಗೋಡೆ!" ಗಿರಾಕಿಗಳೂ ಅದನ್ನೇ ಹಿಡಿದುಕೊಂಡರು. ವಾರಿಜಕ್ಕನೂ ಎಲ್ಲರ ಜೊತೆ ನಗುತ್ತಿದ್ದರು. ಒಂದು ದಿನ ಮಾತ್ರ, ಟೇಬಲ್ಲಿಗೆ ಬಟ್ಟೆ ಹೊದಿಸುತ್ತ, "ಇವರು ತಮಾಷೆಗೆ ಹೇಳುದು, ನಂಗೂ ಗೊತ್ತುಂಟು. ಆದ್ರೆ ನಿಜವೇ ಆಗಿದ್ರೆ? ಇಷ್ಟು ವರ್ಷ ನಾನು ಕಲ್ತದ್ದು ಎಂಥದು ಹಾಗಾದ್ರೆ?" ಎಂದು ನನ್ನನ್ನು ಕೇಳಿದರು. ಆಕೆ ಬೇರೆ ಎಲ್ಲಿಯೂ ಆಡಿದ್ದೇ ಇರಲಿಲ್ಲ.

ಅಷ್ಟರಲ್ಲಿ ಬಲಭುಜದ ನೋವು ಹೆಚ್ಚಾಯಿತು. ಆಪರೇಷನ್ ಮಾಡಲೇಬೇಕು, ಆಮೇಲೆ ಕೈ ಮೊದಲಿನ ಹಾಗೆ ಮೇಲೇಳುವುದು ಕಷ್ಟ ಎಂದರು ಕಲ್ಯಾಣದ ಡಾಕ್ಟರು. ವಾರಿಜಕ್ಕ ಅಳಲಿಲ್ಲ, ಗೊಣಗಲೂ ಇಲ್ಲ. "ಒಂದು ಸಲ ಗೋಡೆ ಇಲ್ಲದ ಕಡೆ ಆಡಿ ನೋಡ್ಬೇಕು. ಸೋತ್ರೆ ಸೋತೆ. ಗೊತ್ತಾದ್ರೆ ಸಾಕು," ಎಂದರು. ಥಾಣೆಯ ಒಂದು ಪೂಲ್ ಹಾಲ್‌ನಲ್ಲಿ ಸ್ಪರ್ಧೆಯಿತ್ತು. ನಾನೇ ಹೋಗಿ ಹೆಸರು ಕೊಟ್ಟುಬಂದೆ. ಭಾನುವಾರ ಹೋಟೆಲು ಬಿಟ್ಟು ಬರಲಾಗದೆ ಶೀನಣ್ಣ ಉಳಿದುಕೊಂಡರು.

ಆ ಹಾಲ್ ತೀರಾ ದೊಡ್ಡದು. ಟೇಬಲ್ಲುಗಳ ನಡುವೆ ದಿಬ್ಬಣ ಹೋಗುವಷ್ಟು ಜಾಗ. ಎದುರಾಳಿ ರೋಹನ್ ಎಂಬ ತರುಣ. ಮನೆಯವರು ಕಲಬುರಗಿ ಕಡೆಯವರಂತೆ. ನಮ್ಮ ಮಾತು ಅವನಿಗೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಎರಡು ಆಟ ಗೆದ್ದವರು ಮುಂದಿನ ಸುತ್ತಿಗೆ.

ಮೊದಲ ಆಟದಲ್ಲಿ ವಾರಿಜಕ್ಕ ಅಷ್ಟು ದೊಡ್ಡ ಹಾಲ್‌ನಲ್ಲೂ ಟೇಬಲ್ಲಿನ ಒಂದು ಬದಿಗೆ ಹೋದಾಗಲೆಲ್ಲ ಅಡ್ಡಡ್ಡವಾಗಿ ನುಸುಳಿದರು. ಕೋಲಿನ ಹಿಂಬದಿಯನ್ನು ಸೂರಿನತ್ತ ಎತ್ತಿಯೇ ಹೊಡೆದರು. ನೋಡುತ್ತಿದ್ದ ಹುಡುಗರು ಮುಸಿಮುಸಿ ನಕ್ಕರು. "ಗ್ವಾಡಿ ಇಲ್ರೀ ಅಕ್ಕಾ ಇಲ್ಲಿ!" ಎಂದು ನಾನು ಒದರಿದೆ. ಆ ಆಟ ಹೋಯಿತು. ಎರಡನೆಯದರಲ್ಲಿ ಮೈ ಸಡಿಲವಾಗಿ, ಸಮಾಧಾನದಿಂದ ಆಡಿ ಗೆದ್ದರು.

ಮೂರನೆಯ ಆಟ ಕೊನೆಗೆ ಬಂದಾಗ ರೋಹನನಿಗೆ ಒಂದು ಪಟ್ಟೆ ಚೆಂಡು ಉಳಿದಿತ್ತು, ವಾರಿಜಕ್ಕನಿಗೆ ಒಂದು ಹಳದಿ. ತನ್ನದನ್ನು ಮುಗಿಸಿ ಕಪ್ಪನ್ನು ಮೊದಲು ಹಾಕಿದವರು ಗೆದ್ದಂತೆ. ಸರದಿ ವಾರಿಜಕ್ಕನದು, ಆದರೆ ಬಿಳಿ ಚೆಂಡು ರೋಹನನ ಪಟ್ಟೆ ಚೆಂಡಿಗೆ ಅಂಟಿಕೊಂಡಂತೆ ಕೂತಿತ್ತು. ಪಟ್ಟೆಯ ಮೇಲಿನಿಂದ ಕೈ ದಾಟಿಸಿ, ಕೋಲನ್ನು ಎತ್ತಿ ಹಿಡಿದು, ಮೇಲಿನಿಂದಲೇ ಹೊಡೆಯಬೇಕು. ಹಳದಿ ನಡುವಿನ ಪಾಕೆಟ್ಟಿನ ಎದುರಿಗೇ ಇತ್ತು, ಜೋರಾಗಿ ಹೊಡೆದರೆ ಬೀಳುತ್ತಿತ್ತು. ಹಾಕಿ ಅಕ್ಕಾ, ಹಾಕಿ ಎಂದು ನಾನು ಮನಸ್ಸಿನಲ್ಲೇ ಬಡಕೊಳ್ಳುತ್ತಿದ್ದೆ. ಆದರೆ ಹಾಗೆ ಹೊಡೆದರೆ ಬಿಳಿ ಓಡಿಹೋಗಿ, ಕಪ್ಪಿಗೆ ದಾರಿಯೇ ಉಳಿಯುತ್ತಿರಲಿಲ್ಲ. ರೋಹನನ ಪಟ್ಟೆಗೆ ಮೂಲೆಯ ಪಾಕೆಟ್ಟು ಬಾಯಿ ತೆರೆದು ಕಾದಿತ್ತು.

ವಾರಿಜಕ್ಕ ಕೋಲು ಒರಗಿಸಿ, ವಾಟರ್ ಕೂಲರಿನ ಕಡೆಗೆ ನಡೆದುಬಿಟ್ಟರು. ಅಂಪೈರು ಗಡಿಯಾರ ನೋಡಿಕೊಂಡರು. ವಾಪಸು ಬಂದವರು ನೋಯುವ ಭುಜವನ್ನು ಮೆಲ್ಲಗೆ ಎತ್ತಿ, ಕೋಲಿನ ತುದಿಯಿಂದ ಬಿಳಿಯನ್ನು ಮುಟ್ಟಿದರೋ ಇಲ್ಲವೋ ಎನ್ನುವಷ್ಟು ಹಗುರಾಗಿ ತಟ್ಟಿದರು. ಬಿಳಿ ಹಳದಿಯ ಅಂಚನ್ನು ಸವರಿತು. ಹಳದಿ ಪಾಕೆಟ್ಟಿಗೆ ಬೀಳಲಿಲ್ಲ. ಅಂಚಿಗೆ ತಾಗಿ ಉರುಳುತ್ತ ಉರುಳುತ್ತ ರೋಹನನಿಗೆ ಬೇಕಾಗಿದ್ದ ಮೂಲೆಯ ಪಾಕೆಟ್ಟಿನ ಬಾಯಿಗೇ ಹೋಗಿ ಕೂತಿತು. ಬಿಳಿ ಕಪ್ಪಿನ ಹಿಂದೆ ಅಡಗಿತು.

"ಆಂಟಿ ಚೂಕ್ ಗಯೀ," ಗುರಿ ತಪ್ಪಿತು ಎಂದ ಯಾರೋ ಒಬ್ಬ. ರೋಹನ್ ನಗಲಿಲ್ಲ. ಟೇಬಲ್ಲನ್ನು ಎರಡು ಬಾರಿ ಸುತ್ತಿದ. ಬಿಳಿಯಿಂದ ಪಟ್ಟೆ ಚೆಂಡಿಗೆ ನೇರ ದಾರಿಯೇ ಇರಲಿಲ್ಲ, ಇದ್ದರೂ ಅದನ್ನು ಹಾಕಲು ಪಾಕೆಟ್ಟು ಖಾಲಿ ಇರಲಿಲ್ಲ. ಬಿಳಿಯನ್ನು ಟೇಬಲ್ಲಿನ ಅಂಚಿಗೆ ಬಡಿಸಿ ತಿರುಗಿಸಲು ನೋಡಿದ, ಪಟ್ಟೆಗೆ ತಾಗಲೇ ಇಲ್ಲ. ಫೌಲ್ ಆದದ್ದರಿಂದ ಬಿಳಿ ಚೆಂಡು ವಾರಿಜಕ್ಕನ ಕೈಗೇ ಬಂತು. ಬೇಕಾದ ಕಡೆ ಇಟ್ಟುಕೊಂಡು ಹಳದಿಯನ್ನು ಹಾಕಿದರು, ಆಮೇಲೆ ಕಪ್ಪನ್ನು. ನಾನು ಚಿಕ್ಕ ಮಗುವಿನ ಹಾಗೆ ಕುಣಿದೆ. ಮುಂದಿನ ಸುತ್ತಿನಲ್ಲಿ ಅವರು ಸೋತದ್ದು ನನಗೆ ಸರಿಯಾಗಿ ನೆನಪೂ ಇಲ್ಲ.

ಡೊಂಬಿವಲಿಗೆ ಬಂದು ಶೀನಣ್ಣನಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಕಿಸಕ್ಕನೆ ನಕ್ಕು, "ಕೋಲು ಎತ್ತಿ ಹೊಡೀಲಿಕ್ಕೆ ಕಲ್ಸಿದ್ದು ಯಾರು? ನನ್ನ ಗೋಡೆಯೇ ಅಲ್ವಾ!" ಎಂದುಬಿಟ್ಟರು. ವಾರಿಜಕ್ಕ ಒಳಗೆ ಹೋಗಿ ಸಾಂಬಾರಿನ ಉಪ್ಪು ನೋಡಿದರು. ನನಗಂತೂ ಆ ಮನುಷ್ಯನ ಮೇಲೆ ಸಿಟ್ಟು ಬಂದಿತ್ತು.

ಆಪರೇಷನ್ ಆಯಿತು. ಡಾಕ್ಟರು ಹೇಳಿದ ಹಾಗೆ ಕೈ ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ. ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಷ್ಟದ ಜಾಗದಲ್ಲಿ ಯಾವುದು ಹೊಡೆಯಲಿ ಎಂದು ನಾವು ಕೇಳಿದರೆ, "ನಾನು ಹೇಳಿದ್ರೆ ಅದು ನಿಮ್ಮ ಆಟ ಆಗ್ಲಿಕ್ಕಿಲ್ಲ," ಎನ್ನುತ್ತಿದ್ದರು.

ಒಂದು ಸಂಜೆ ರೋಹನ್ ವಿಳಾಸ ಹುಡುಕಿಕೊಂಡು ಬಂದ. ಅವನಿಗೆ ಇನ್ನೊಂದು ಆಟ ಬೇಕಿತ್ತು. ಭುಜದ ವಿಷಯ ತಿಳಿದು ಮುಖ ಸಣ್ಣದು ಮಾಡಿಕೊಂಡ. ವಾರಿಜಕ್ಕನಿಗೆ ಅವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. "ಇವರು ಹೊಡೀಲಿ, ನಾನು ಹೇಳ್ತೇನೆ. ಆಗ್ಬಹುದಾ?" ಎಂದು ನನ್ನತ್ತ ಕೈ ತೋರಿಸಿದರು.

"ಚಲೇಗಾ ಆಂಟಿ," ಎಂದ.

ಹೀಗೆ ಆಯ್ಕೆ ಅವರದು, ಹೊಡೆತ ನನ್ನದು ಎಂದಾಯಿತು. ಕೊನೆಗೆ ನಮಗೆ ಕಪ್ಪೊಂದೇ ಉಳಿದಾಗ ನಾಲ್ಕೂ ಕಡೆ ದಾರಿ ಕಟ್ಟಿದ ಒಂದು ಜಾಗ ಬಂತು. ಮೂರು ಚೆಂಡುಗಳ ನಡುವಿನಿಂದ ಬಿಳಿಯನ್ನು ಹಾಯಿಸಿ, ಕಪ್ಪನ್ನು ಬರೀ ಸೋಕಿಸಿ ನಿಲ್ಲಿಸಬೇಕೆಂದರು. "ಮೆಲ್ಲ, ಮೆಲ್ಲ," ಎಂದರು. ನನ್ನ ಕೈ ಕೇಳಬೇಕಲ್ಲ! ಹೊಡೆತ ಒಂದು ಗುಲಗಂಜಿಯಷ್ಟು ಜೋರಾಯಿತು. ಕಪ್ಪು ಹೋಗಿ ನಾವು ಹೇಳದ ಪಾಕೆಟ್ಟಿಗೆ ಬಿತ್ತು; ಹಾಗೆ ಬಿದ್ದರೆ ಸೋತಂತೆ, ಆಟವೇ ಮುಗಿಯಿತು. ನಾನು ತಲೆ ತಗ್ಗಿಸಿ ನಿಂತೆ.

ರೋಹನ್ ಗೆದ್ದ ಖುಷಿಯನ್ನೇ ಮರೆತು ಟೇಬಲ್ಲನ್ನು ನೋಡುತ್ತ ನಿಂತಿದ್ದ. ಆಮೇಲೆ ವಾರಿಜಕ್ಕನ ಕಡೆ ತಿರುಗಿ, "ಶಾಟ್ ತೋ ಯಹೀ ಥಾ ಆಂಟಿ. ಮುಝೇ ದಿಖಾ ಹೀ ನಹೀ," ಎಂದ.

ಹೊಡೆದದ್ದು ನಾನಾದರೂ ಹುಡುಗ ಹೊಗಳಿದ್ದು ಅವರನ್ನು. ವಾರಿಜಕ್ಕನ ಮುಖ ಥಾಣೆಯಲ್ಲಿ ಗೆದ್ದ ದಿನವೂ ಅಷ್ಟು ಅರಳಿರಲಿಲ್ಲ. ಅವನಿಗೆ ತಾವೇ ಎಡಗೈಯಲ್ಲಿ ಗೋಳಿಬಜೆ ತಂದುಕೊಟ್ಟರು. ನಾನು ಆಕೆಯನ್ನು ಕೊನೆಯ ಬಾರಿ ನೋಡಿದ್ದು ಆ ಸಂಜೆ. ಮುಂದಿನ ವಾರ ಊರಿನಿಂದ ವಾಪಸು ಬರುವ ರೈಲಿನಲ್ಲಿದ್ದಾಗ ಫೋನ್ ಬಂತು. ನಿದ್ದೆಯಲ್ಲೇ ಹೃದಯ ನಿಂತಿತಂತೆ.

ಹೋಟೆಲು ಮತ್ತೆ ತೆರೆದ ದಿನ ಹೋದೆ. ಶೀನಣ್ಣ ಗಲ್ಲೆಯಲ್ಲಿದ್ದರು. ನನ್ನನ್ನು ನೋಡಿ ಅವರೇ ಕೇಳಿದರು, "ಆ ಥಾಣೆಯ ಹುಡುಗ ಅವತ್ತು ಎಂಥ ಹೇಳಿದ? ಇನ್ನೊಮ್ಮೆ ಹೇಳಿ."

"ನಾವು ಸೋತರೂ ಶಾಟ್ ಅದೇ ಖರೇ ಅಂದನ್ರೀ. ಅವಗ ಅದು ಕಂಡೇ ಇರ್ಲಿಲ್ಲಂತ."

ಶೀನಣ್ಣ ಗಲ್ಲೆಯ ಮೇಲೆ ಕೈಯಾಡಿಸಿದರು. "ಅವಳಿಗೆ ಕಾಣ್ತಿತ್ತು ಮಾರಾಯ್ರೆ. ಗೋಡೆಗೆ ಕಣ್ಣುಂಟಾ?" ಎಂದವರೇ, ಅಳುವುದನ್ನು ಗಿರಾಕಿಗಳಿಗೆ ತೋರಿಸಬಾರದೆಂದು ಎದ್ದು ಒಳಗೆ ಹೋದರು.